ಯಾರ ಮನೆಯ ಮೌಲ್ಯ?

ನೈರೋಬಿಯಲ್ಲಿ ಹೆಂಗಸಿಗೆ ಒಂದು ಮಗು ಹುಟ್ಟಿದ ಮೇಲೆ ಅವಳ ಸ್ವಂತ ಹೆಸರು ಹಿಡಿದು ಕರೆಯುವವರು ಕಡಿಮೆ. ಅವಳು ಮಾಮಾ ಅಕಿನ್ಯಿ, ಮಾಮಾ ಕಮಾವು. ಗಂಡ ಬಾಬಾ ಅಕಿನ್ಯಿ, ಬಾಬಾ ಕಮಾವು. ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಬೀದಿಯ ತುದಿಯಲ್ಲಿ ಸುಕುಮಾ ಸೊಪ್ಪನ್ನು ಎಳೆ ಎಳೆಯಾಗಿ ಹೆಚ್ಚಿ ಮಾರುವಾಕೆ ಒಂದು ದಿನ ನನ್ನ ಮಗಳ ಹೆಸರಿಗೆ ಮಾಮಾ ಸೇರಿಸಿ ದೂರದಿಂದಲೇ ಕೂಗಿದಳು. ‘ರಾಜುವಿನ ಅಮ್ಮ’, ‘ಸುಮತಿಯ ಅಪ್ಪ’ ಎಂದು ಕರೆಯುವ ಊರಿನಿಂದ ಬಂದ ನನಗೆ, ಈ ಪಟ್ಟಣ ನನ್ನನ್ನು ಜಗಲಿಗೆ ಹತ್ತಿಸಿಕೊಂಡಿತು ಅನ್ನಿಸಿತು. ಇಲ್ಲಿ ದಾರಿಯಲ್ಲಿ ಸಿಗುವ ಮುದುಕ ಮ್ಝೇ, ಮುದುಕಿ ಶೋಶೋ. ಬಾಡಿಗೆ ಕಾರಿನ ಹುಡುಗನಿಗೂ ನಾನು ಮಾಮಾನೇ. ಸಂಬಂಧವಾಚಕಗಳಿಲ್ಲದೆ ಇಲ್ಲಿ ಒಂದು ಕಿಲೋ ಟೊಮೇಟೊ ಕೂಡ ಕೊಳ್ಳಲಾಗುವುದಿಲ್ಲ.

ಮನೆಯ ಈ ಮಾತುಗಳು ಅರಮನೆಯವರೆಗೂ ಹೋಗಿವೆ. ಮೊದಲ ಅಧ್ಯಕ್ಷ ಜೋಮೊ ಕೆನ್ಯಾಟಾ ‘ಬಾಬಾ ವಾ ತೈಫಾ’, ಅಂದರೆ ರಾಷ್ಟ್ರಪಿತ. ಬದುಕಿನ ಬಹುಪಾಲು ವಿರೋಧ ಪಕ್ಷದ ದನಿಯಾಗಿದ್ದು ಒಮ್ಮೆಯೂ ಅಧ್ಯಕ್ಷರಾಗದ ರೈಲಾ ಒಡಿಂಗಾ ಕೋಟ್ಯಂತರ ಜನರಿಗೆ ಬರೀ ‘ಬಾಬಾ’. 2025ರ ಅಕ್ಟೋಬರ್ 15ರಂದು ಅವರು ನಮ್ಮ ಪಕ್ಕದ ಕೇರಳದಲ್ಲಿ, ಚಿಕಿತ್ಸೆಗೆಂದು ಬಂದಿದ್ದಾಗ ತೀರಿಕೊಂಡ ಸುದ್ದಿ ಬಂದಾಗ, ಅವರನ್ನು ಟಿವಿಯಲ್ಲಿ ಬಿಟ್ಟು ಬೇರೆಲ್ಲೂ ನೋಡಿರದ ಹುಡುಗರು ನಡುಬೀದಿಯಲ್ಲಿ ನಿಂತು ‘ಬಾಬಾ, ಬಾಬಾ’ ಎಂದು ಅತ್ತದ್ದನ್ನು ನಾನು ಕಂಡಿದ್ದೇನೆ. ಅದು ಸ್ವಂತ ತಂದೆ ಸತ್ತ ಮಕ್ಕಳ ಅಳು. ಹಾಗಾಗಿ ಈ ದೇಶದಲ್ಲಿ ಯಾರಾದರೂ ವೇದಿಕೆ ಹತ್ತಿ ಕುಟುಂಬ ಅಂದರೆ ಜನ ಕಿವಿಗೊಡುತ್ತಾರೆ. ಆ ಮಾತನ್ನು ರಾಜಕಾರಣಿಗಳು ಬಲು ಜೋಪಾನವಾಗಿ ಬಳಸಬೇಕು ಎಂದು ನಾನು ಬಯಸುವುದು ಇದಕ್ಕೇ.

2025ರ ಮೇ ತಿಂಗಳಲ್ಲಿ, ದೊಡ್ಡ ಮಳೆ ಇನ್ನೂ ಪೂರ್ತಿ ಬಿಡದಿದ್ದ ದಿನಗಳಲ್ಲಿ, ಇಲ್ಲಿನ ಬೋಮಾ ಹೋಟೆಲಿನಲ್ಲಿ ‘ಕುಟುಂಬ ಮೌಲ್ಯಗಳ ಎರಡನೇ ಸರ್ವ-ಆಫ್ರಿಕಾ ಸಮ್ಮೇಳನ’ ನಡೆಯಿತು. ಕರೆದವರು ಆಫ್ರಿಕಾ ಕ್ರಿಶ್ಚಿಯನ್ ಪ್ರೊಫೆಷನಲ್ಸ್ ಫೋರಮ್‌ನವರು. ಜೊತೆಗೆ ಅಮೆರಿಕ, ಯುರೋಪುಗಳ ಸಂಪ್ರದಾಯವಾದಿ ಸಂಸ್ಥೆಗಳವರು. ಮೊದಲು ಹೊರಬಂದ ಭಾಷಣಕಾರರ ಪಟ್ಟಿಯಲ್ಲಿ ಬಿಳಿಯ ಗಂಡಸರ ಮುಖಗಳೇ ತುಂಬಿದ್ದವು. ಆಫ್ರಿಕಾದ ಕುಟುಂಬ ಹೇಗಿರಬೇಕೆಂದು ಹೇಳುವುದಕ್ಕೆ ಇವರು ಯಾರು ಎಂದು ಕೀನ್ಯಾದ ಹೆಣ್ಣುಮಕ್ಕಳು ಸಿಟ್ಟಿನಿಂದ ಕೇಳಿದರು. ಗರ್ಭಪಾತ, ಶಾಲೆಯ ಲೈಂಗಿಕ ಶಿಕ್ಷಣ, ಸಲಿಂಗ ಸಂಬಂಧ, ಇವೆಲ್ಲ ಹೊರಗಿನಿಂದ ಬಂದು ನಮ್ಮ ಕುಟುಂಬವನ್ನು ಒಡೆಯುತ್ತಿವೆ ಎಂಬುದು ಸಮ್ಮೇಳನದ ಒಟ್ಟು ಕಳವಳ. ಕಳವಳಪಡುವವರನ್ನು ನಾನು ಹಗುರಾಗಿ ಕಾಣುವುದಿಲ್ಲ. ನನ್ನ ನೆರೆಹೊರೆಯ ಎಷ್ಟೋ ಒಳ್ಳೆಯ, ದೇವರಿಗೆ ಹೆದರಿ ಬದುಕುವ ಜನ ಅದನ್ನು ಮನಸಾರೆ ನಂಬುತ್ತಾರೆ. ಆದರೆ ಅವರು ಕಾಪಾಡಬಯಸುವ ಆ ಕುಟುಂಬ ಯಾರ ಮನೆಯದು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಕಡೆಯ ನಾಡವರ ಮನೆಯಲ್ಲಿ. ಆ ಮನೆ ನನ್ನ ಅಪ್ಪನದಲ್ಲ, ಅಪ್ಪನ ಅಪ್ಪನದೂ ಅಲ್ಲ. ಅದು ನನ್ನ ಅಮ್ಮನದು, ಅವಳ ಅಮ್ಮನದು, ಅವಳ ಅಮ್ಮನದು. ನಮ್ಮದು ಅಳಿಯಕಟ್ಟು, ಪುಸ್ತಕದ ಮಾತಿನಲ್ಲಿ ಅಳಿಯಸಂತಾನ. ನನ್ನ ‘ಬಳಿ’, ಅಂದರೆ ಕುಲ, ಬಂದದ್ದು ಅಮ್ಮನಿಂದ. ಆ ಬಳಿಯವರೆಲ್ಲ ನನಗೆ ಅಣ್ಣತಮ್ಮಂದಿರು, ಮದುವೆಗೆ ಸಲ್ಲದವರು. ಮನೆಯ ಯಜಮಾನರು ಅಜ್ಜಿಯ ಅಣ್ಣ. ನಾವೆಲ್ಲ ಅವರನ್ನು ದೊಡ್ಡಮಾವ ಎನ್ನುತ್ತಿದ್ದೆವು. ಅಪ್ಪ ದೂರದ ಊರಿನಲ್ಲಿ ಮೇಷ್ಟ್ರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಕೈಚೀಲದಲ್ಲಿ ಮಕ್ಕಳಿಗೆ ಬನ್ನೋ ಬಿಸ್ಕತ್ತೋ ಹಿಡಿದುಕೊಂಡು ಬರುತ್ತಿದ್ದರು, ಭಾನುವಾರ ಸಂಜೆ ಹೊರಡುತ್ತಿದ್ದರು. ಚಾವಡಿಯ ಆರಾಮಕುರ್ಚಿ ದೊಡ್ಡಮಾವನದು, ಅಪ್ಪನಿಗೆ ಪಕ್ಕದ ಬೆಂಚು. ಇದರಲ್ಲಿ ಅಪ್ಪನಿಗೆ ಅವಮಾನವಾಗಲಿ ದೊಡ್ಡಮಾವನಿಗೆ ಗರ್ವವಾಗಲಿ ಇತ್ತೆಂದು ನನಗೆ ಅನ್ನಿಸಿದ್ದಿಲ್ಲ. ಅಪ್ಪ ತಮ್ಮ ಅಮ್ಮನ ಮನೆಗೆ ಹೋದಾಗ ಅವರ ಅಕ್ಕನ ಮಕ್ಕಳಿಗೆ ಅವರೇ ಮಾವ. ಅಲ್ಲಿ ಅವರಿಗೂ ಒಂದು ಕುರ್ಚಿ ಕಾದಿರುತ್ತಿತ್ತು.

ಮೂರನೆಯದೋ ನಾಲ್ಕನೆಯದೋ ತರಗತಿಯ ಪಾಠಪುಸ್ತಕದಲ್ಲಿ ‘ನಮ್ಮ ಕುಟುಂಬ’ ಎಂದೊಂದು ಪಾಠವಿತ್ತು. ಚಿತ್ರದಲ್ಲಿ ತಂದೆ ಪತ್ರಿಕೆ ಓದುತ್ತಿದ್ದರು, ತಾಯಿ ಕಾಫಿ ತರುತ್ತಿದ್ದರು, ಒಬ್ಬ ಹುಡುಗ ಚೆಂಡು ಹಿಡಿದಿದ್ದ, ಒಬ್ಬ ಹುಡುಗಿ ಗೊಂಬೆ ಹಿಡಿದಿದ್ದಳು. ನಾನು ಆ ಚಿತ್ರದ ಮೂಲೆಮೂಲೆಯಲ್ಲೂ ಮಾವ ಎಲ್ಲಿದ್ದಾರೆ ಎಂದು ಹುಡುಕಿದೆ. ಬಾಗಿಲ ಹಿಂದೆ ಇರಬಹುದೇ, ಅಂಗಳದಲ್ಲಿ ಅಡಿಕೆ ಒಣಗಿಸುತ್ತಿರಬಹುದೇ? ಕೊನೆಗೆ ಟೀಚರನ್ನೇ ಕೇಳಿದೆ. ಅವರೂ ಅಳಿಯಕಟ್ಟಿನ ಮನೆಯವರೇ. ನಕ್ಕು ತಲೆ ಸವರಿ, ‘ಇದ್ ಬೆಂಗ್ಳೂರ್ ಬದಿಯರ ಮನಿ’ ಅಂದರು. ಪುಸ್ತಕ ಮಾಡಿದವರು ಯಾರೋ, ಅವರ ಮನೆ ಪಾಠವಾಯಿತು. ನಮ್ಮ ಮನೆ ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ.

ಬಿದ್ದಾಗಲೂ ಅದು ಸುಖದ ನೋಟವಾಗಿರಲಿಲ್ಲ. ಗಂಡಹೆಂಡಿರು ಹೊಂದಿಕೊಳ್ಳದಿದ್ದರೆ ಬೇರೆಯಾಗಿ ಬದುಕಬಹುದಾಗಿದ್ದ ನಮ್ಮವರ ಮದುವೆಯನ್ನು ಮದುವೆಯೆಂದು ಒಪ್ಪುವುದಕ್ಕೆ 19ನೇ ಶತಮಾನದ ಮದ್ರಾಸ್ ಹೈಕೋರ್ಟು ಹಿಂದೆಗೆದಿತ್ತು. ಐದಾರು ತಲೆಮಾರು ಹಿಂದಿನ ನನ್ನ ಮುತ್ತಜ್ಜಿಯರು ಬದುಕೆಲ್ಲ ದೀಪ ಹಚ್ಚಿ, ಗದ್ದೆ ನಟ್ಟು, ಮಕ್ಕಳನ್ನು ಹೆತ್ತು ಸಾಕಿದ ಮೇಲೆ, ಸಮುದ್ರದಾಚೆಯಿಂದ ಬಂದ ನ್ಯಾಯಮೂರ್ತಿಗಳಿಗೆ ಅದು ಕುಟುಂಬವಾಗಿ ಕಾಣಲಿಲ್ಲ. ಆಮೇಲೆ 1949ರಲ್ಲಿ ಮದ್ರಾಸಿನ ಅಳಿಯಸಂತಾನ ಕಾಯಿದೆ ಬಂದು ಕವರು ಕವರಿಗೆ, ಅಂದರೆ ತಾಯಿಯ ಕಡೆಯ ಒಂದೊಂದು ಕವಲಿಗೆ, ಪಾಲು ಮಾಡಿಕೊಳ್ಳಬಹುದು ಎಂದಿತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. ನಾನು ಹುಟ್ಟುವ ಹೊತ್ತಿಗೆ ಕಾಗದದ ಮೇಲೆ ಎಲ್ಲ ಬದಲಾಗಿತ್ತು. ಚಾವಡಿ ಮಾತ್ರ ಬದಲಾಗಿರಲಿಲ್ಲ.

ಅಳಿಯಕಟ್ಟನ್ನು ಹೆಣ್ಣಿನ ರಾಜ್ಯವೆಂದು ಕೊಂಡಾಡುವವರೂ ಇದ್ದಾರೆ, ನಾನು ಅವರ ಜೊತೆ ಸೇರಲಾರೆ. ಉಗ್ರಾಣದ ಬೀಗದಕೈ ಅಜ್ಜಿಯ ಸೊಂಟದಲ್ಲಿತ್ತು ನಿಜ. ಎಷ್ಟು ಮುಡಿ ಅಕ್ಕಿ ತೆಗೆಯಬೇಕು, ಯಾವ ಒಕ್ಕಲಿಗೆ ಎಷ್ಟು ಕೊಡಬೇಕು ಅವಳೇ ಹೇಳುತ್ತಿದ್ದಳು. ಆದರೆ ಗದ್ದೆಯ ಕಾಗದಕ್ಕೆ ಸಹಿ ದೊಡ್ಡಮಾವನದು. ನಾನು ಹೈಸ್ಕೂಲಿಗೆ ಹೋಗುವಾಗ ಒಮ್ಮೆ ಇದನ್ನು ಅಜ್ಜಿಯ ಹತ್ತಿರ ಎತ್ತಿದೆ. ಹಲಸಿನ ಬೀಜ ಸುಲಿಯುತ್ತಿದ್ದವಳು ತಲೆ ಎತ್ತದೆ ಹೇಳಿದಳು: ‘ಮನಿ ಹೆಣ್ಣಿಂದ್, ಮಾತ್ ಗಂಡಿಂದ್ ಮಗಾ.’ ಅವಳಿಗೆ ಅದು ನೋವಿನ ವಿಷಯವೇ ಆಗಿತ್ತು, ಮುಚ್ಚಿಡುತ್ತಲೂ ಇರಲಿಲ್ಲ. ಆದರೂ ಆ ಮನೆಯ ಒಂದು ಗುಣವನ್ನು ನಾನು ಬದುಕಿಡೀ ಎದೆಯಲ್ಲಿಟ್ಟುಕೊಂಡಿದ್ದೇನೆ. ನನ್ನ ದೊಡ್ಡಮ್ಮ ಗಂಡನ ಮನೆಯಲ್ಲಿ ಬಾಳಲಾಗದೆ ಎರಡು ಮಕ್ಕಳನ್ನು ಕಟ್ಟಿಕೊಂಡು ಒಂದು ಮಳೆಗಾಲದ ಸಂಜೆ ಬಂದಾಗ, ಯಾರೂ ಏಕೆ ಬಂದೆ ಎಂದು ಕೇಳಲಿಲ್ಲ. ಅಜ್ಜಿ ಒಲೆಯ ಮೇಲೆ ಇನ್ನೊಂದು ಪಾವು ಅಕ್ಕಿ ಹಾಕಿದಳು. ದೊಡ್ಡಮ್ಮನ ಕೋಣೆ ಅವಳ ಹೆಸರಿನಲ್ಲೇ ಇತ್ತು. ಅವಳು ನೆಂಟಳಾಗಿ ಬಂದದ್ದಲ್ಲ, ತನ್ನ ಮನೆಗೆ ತಾನು ಬಂದದ್ದು. ಕುಟುಂಬಕ್ಕೆ ಮೌಲ್ಯ ಅಂತ ಏನಾದರೂ ಇದ್ದರೆ ಹೀಗೆ ತೆರೆದಿರುವ ಬಾಗಿಲಿಗಿಂತ ದೊಡ್ಡದು ನನಗೆ ಗೊತ್ತಿಲ್ಲ. ಘಟ್ಟದ ಮೇಲಿನ ನನ್ನ ಗೆಳತಿಯರಿಗೆ ಹುಟ್ಟಿನಿಂದಲೇ ಮನೆಯಲ್ಲಿ ಪಾಲು ಎಂದು ಕಾಯಿದೆಯಾಗಲು 1994ರ ಕರ್ನಾಟಕದ ತಿದ್ದುಪಡಿಯವರೆಗೆ ಕಾಯಬೇಕಾಯಿತು. ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಈಗ ನಮ್ಮೂರಿನಲ್ಲಿ 2023ರಿಂದ ಗೃಹಲಕ್ಷ್ಮಿ ಎಂದು ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬೀಳುತ್ತದೆ. ಅದೂ ರಾಜಕೀಯವೇ, ಆದರೆ ಕುಟುಂಬ ಎಂಬ ಮಾತಿನ ಹಿಂದೆ ಹೆಣ್ಣಿನ ಕೈಗೆ ದುಡ್ಡು ಬರುವ ರಾಜಕೀಯವಾದ್ದರಿಂದ ನನಗೆ ಅದರ ಮೇಲೆ ಪ್ರೀತಿ.

ಎಲ್ಲಿದ್ದೆವು? ನೈರೋಬಿಯಲ್ಲಿ. ನಿಸರ್ಗಸಹಜ ಕುಟುಂಬ ಎಂಬ ಮಾತು ಈ ಪಟ್ಟಣಕ್ಕೆ ಹೊಸದಲ್ಲ. ಮಾನವ ಹಕ್ಕುಗಳ ಕುರಿತ ಆಫ್ರಿಕಾದ ಸನ್ನದನ್ನು ಈ ಖಂಡದ ದೇಶಗಳ ನಾಯಕರು ಅಂಗೀಕರಿಸಿದ್ದು 1981ರ ಜೂನ್‌ನಲ್ಲಿ, ಇಲ್ಲಿಯೇ. ಅದರ 18ನೇ ವಿಧಿ ಕುಟುಂಬವನ್ನು ಸಮಾಜದ ಸಹಜ ಘಟಕವೆಂದೂ, ನೀತಿ ಮತ್ತು ಪರಂಪರೆಯ ಕಾವಲುಗಾರನೆಂದೂ ಕರೆಯುತ್ತದೆ. ಸಮ್ಮೇಳನದ ವೇದಿಕೆಯವರು ಅಲ್ಲಿಗೆ ಓದು ನಿಲ್ಲಿಸುತ್ತಾರೆ. ಅದೇ ವಿಧಿಯಲ್ಲಿ, ನಾಲ್ಕು ಸಾಲು ಕೆಳಗೆ, ಹೆಣ್ಣಿನ ಮೇಲಿನ ಎಲ್ಲ ತಾರತಮ್ಯವನ್ನೂ ತೊಡೆಯುವುದು ಪ್ರಭುತ್ವದ ಹೊಣೆ ಎಂದಿದೆ. ಎರಡು ಮಾತನ್ನೂ ಒಂದೇ ಉಸಿರಿನಲ್ಲಿ ಬರೆದವರಿಗೆ, ಕುಟುಂಬ ತಾನೇ ಅನ್ಯಾಯ ಮಾಡಬಲ್ಲದು ಎಂಬುದು ಗೊತ್ತಿತ್ತು.

ಇನ್ನು ಆಫ್ರಿಕಾದ ಕುಟುಂಬ ಎಂದರೆ ಒಂದೇ ಅಚ್ಚಿನದು ಅನ್ನುವವರು ಗಿಕುಯು ಜನರ ಮೂಲಕತೆಯನ್ನು ಕೇಳಬೇಕು. ಗಿಕುಯು, ಮುಂಬಿ ದಂಪತಿಗೆ ಹುಟ್ಟಿದ್ದು ಹೆಣ್ಣುಮಕ್ಕಳೇ. ಕುಲಗಳಿಗೆ ಹೆಸರು ಬಂದದ್ದು ಆ ಹೆಣ್ಣುಮಕ್ಕಳಿಂದ. ಆದಿಯಲ್ಲಿ ಹೆಂಗಸರೇ ಮನೆಯ ಒಡೆಯರಾಗಿದ್ದರು, ಗಂಡಸರು ಒಳಸಂಚು ಮಾಡಿ ಅವರೆಲ್ಲ ಬಸುರಿಯರಾಗಿದ್ದ ಸಮಯ ನೋಡಿ ಅಧಿಕಾರ ಕಿತ್ತುಕೊಂಡರು, ಕುಲದ ಹೆಸರುಗಳನ್ನು ಮಾತ್ರ ಬದಲಿಸಲಾಗಲಿಲ್ಲ ಎಂದು ಕೆನ್ಯಾಟಾ ತಮ್ಮ 1938ರ ‘ಫೇಸಿಂಗ್ ಮೌಂಟ್ ಕೀನ್ಯಾ’ ಪುಸ್ತಕದಲ್ಲಿ ದಾಖಲಿಸಿದ್ದಾರೆ. ನಮ್ಮಲ್ಲಿ ಅಳಿಯಕಟ್ಟಿಗೆ ಭೂತಾಳಪಾಂಡ್ಯನ ಕತೆ. ಭೂತ ಬಲಿ ಕೇಳಿದಾಗ ರಾಜನ ಹೆಂಡತಿ ಮಕ್ಕಳನ್ನು ಕೊಡಲೊಪ್ಪಲಿಲ್ಲ, ತಂಗಿ ತನ್ನ ಮಗನನ್ನು ಕೊಡಮುಂದಾದಳು, ಅದಕ್ಕೇ ಆಸ್ತಿ ಅಳಿಯನಿಗೆ. ಅಜ್ಜಿಗೆ ಈ ಕತೆ ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಮಗುವನ್ನು ಬಲಿ ಕೊಡಲು ಒಪ್ಪದವಳಲ್ಲವೇ ನಿಜವಾದ ತಾಯಿ ಎಂದು ಕೇಳುತ್ತಿದ್ದಳು. ಕೀನ್ಯಾದ ನಂದಿ ಸಮುದಾಯದಲ್ಲಿ ಮಕ್ಕಳಿಲ್ಲದ ಮುದುಕಿ ಇನ್ನೊಬ್ಬ ಹೆಂಗಸನ್ನು ಮದುವೆಯಾಗಿ, ಅವಳ ಮಕ್ಕಳನ್ನು ತನ್ನ ವಾರಸುದಾರರನ್ನಾಗಿ ಮಾಡಿಕೊಳ್ಳುವ ಹಳೆಯ ಪದ್ಧತಿಯಿದೆ. ಮನೆ ಮುಂದುವರಿಯಲಿ ಎಂಬುದು ಅದರ ಉದ್ದೇಶ. 2011ರಲ್ಲಿ ಮೊಂಬಾಸಾದ ಹೈಕೋರ್ಟು ಆಸ್ತಿಯ ಮೊಕದ್ದಮೆಯೊಂದರಲ್ಲಿ ಆ ಸಂಬಂಧವನ್ನು ಎತ್ತಿಹಿಡಿಯಿತು. ಅತ್ತ ಸಮ್ಮೇಳನದವರು ಪರಂಪರೆಯೆಂದು ಕಾಪಾಡಬಯಸುವ, ಸಲಿಂಗಿಗಳನ್ನು ಜೈಲಿಗೆ ಕಳಿಸುವ ದಂಡಸಂಹಿತೆಯ 162ನೇ ಕಲಮು ಬ್ರಿಟಿಷರು ತಂದದ್ದು. 1930ರವರೆಗೆ ಈ ನಾಡಿನಲ್ಲಿ ಜಾರಿಯಲ್ಲಿದ್ದದ್ದು ನಮ್ಮದೇ ಭಾರತೀಯ ದಂಡಸಂಹಿತೆ. ನಮ್ಮ ಸುಪ್ರೀಂ ಕೋರ್ಟು 2018ರಲ್ಲಿ ಸಲಿಂಗಿಗಳ ಮೇಲಿನ ಆ ಭಾರವನ್ನು ಇಳಿಸಿತು. ನೈರೋಬಿಯ ಹೈಕೋರ್ಟು 2019ರಲ್ಲಿ ಇಳಿಸಲು ಒಪ್ಪಲಿಲ್ಲ. ಇಲ್ಲಿನ ಎಷ್ಟೋ ಸಲಿಂಗಿ ಹುಡುಗರು, ಹುಡುಗಿಯರು ಸ್ವಂತ ಮನೆಯ ಬಾಗಿಲು ಮುಚ್ಚಿದ್ದರಿಂದ ಪಟ್ಟಣಕ್ಕೆ ಬಂದವರು. ಕುಟುಂಬ ಉಳಿಯಬೇಕು ಎಂಬ ಭಾಷಣಕ್ಕೆ ಅವರ ಕುಟುಂಬವನ್ನು ಅವರಿಗೆ ಮರಳಿಸುವ ಯೋಚನೆ ಬಂದಿದ್ದರೆ ನಾನೂ ಹೋಗಿ ಕೇಳುತ್ತಿದ್ದೆ.

ಬಾಗಿಲಿನ ಮಾತು ಬಂದಾಗ ನೈರೋಬಿಯವರು ನೆನೆಯದೆ ಇರಲಾಗದ ಒಂದು ಮೊಕದ್ದಮೆಯಿದೆ. 1986ರ ಡಿಸೆಂಬರ್ 20ರಂದು ಎಸ್. ಎಂ. ಒಟಿಯೆನೊ ಎಂಬ ಹೆಸರಾಂತ ಕ್ರಿಮಿನಲ್ ವಕೀಲರು ಈ ಊರಿನಲ್ಲಿ ತೀರಿಕೊಂಡರು. ಲುವೊ ಜನಾಂಗದವರು, ಶೇಕ್ಸ್‌ಪಿಯರ್‌ನನ್ನು ಬಾಯಿಪಾಠ ಹೇಳುವಷ್ಟು ಪ್ರೀತಿಸಿದವರು. ಹೆಂಡತಿ ವಂಬುಯಿ ಗಿಕುಯು. ಬ್ರಿಟಿಷರನ್ನು ಎದುರಿಸಿದ ವೈಯಾಕಿ ವಾ ಹಿಂಗಾ ಅವರ ವಂಶದವರು, ಮಾವ್ ಮಾವ್ ಹೋರಾಟದಲ್ಲಿ ದುಡಿದು ಸೆರೆವಾಸ ಕಂಡವರು. 1963ರಲ್ಲಿ ಕಾನೂನಿನ ಪ್ರಕಾರ ಮದುವೆಯಾಗಿ, ಮಕ್ಕಳನ್ನು ಬೆಳೆಸಿ, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಾಳಿದ ಮನೆ ಅದು. ನೈರೋಬಿಯ ಹತ್ತಿರ ಅಪ್ಪರ್ ಮತಾಸಿಯಾದ ತಮ್ಮ ಜಮೀನಿನಲ್ಲಿ ಗಂಡನನ್ನು ಮಣ್ಣು ಮಾಡಬೇಕೆಂದು ವಂಬುಯಿ ಹೊರಟರು. ಗಂಡನ ತಮ್ಮನೂ ಉಮಿರಾ ಕಾಗೆರ್ ಕುಲದವರೂ ಅಡ್ಡ ಬಂದರು. ಲುವೊ ಗಂಡಸಿಗೆ ಪಟ್ಟಣದಲ್ಲಿರುವುದು ಬಿಡಾರ, ಮನೆಯಲ್ಲ; ಮನೆಯೆಂದರೆ ‘ದಾಲಾ’, ಹಿರಿಯರ ಮಣ್ಣಿರುವ ಸಿಯಾಯದ ನ್ಯಾಲ್ಗುಂಗಾ. ಹಾಗಾಗಿ ಹೆಣ ಅಲ್ಲಿಗೇ ಹೋಗಬೇಕು ಎಂದರು.

ಈ ವಾದ ನನಗೆ ಅಪರಿಚಿತವಲ್ಲ. ಮುಂಬಯಿಯ ಹೋಟೆಲಿನಲ್ಲಿ ನಲವತ್ತು ವರ್ಷ ದುಡಿದ ನಮ್ಮವರೂ ಅಲ್ಲಿನ ಫ್ಲ್ಯಾಟನ್ನು ಬಿಡಾರವೆಂದೇ ಕರೆಯುತ್ತಾರೆ. ಮೂಲಮನೆಯ ನಾಗನಿಗೆ ತನು ಎರೆಯುವುದಕ್ಕೆ ವರ್ಷಕ್ಕೊಮ್ಮೆ ಬಂದೇ ಬರುತ್ತಾರೆ. ಹೀಗಾಗಿ ಕುಲದವರ ಕರುಳಿನ ಕೂಗು ನನಗೆ ಅರ್ಥವಾಗುತ್ತದೆ. ಹಿರಿಯರ ಮಣ್ಣಿಗೆ ಮಗನನ್ನು ಮರಳಿಸದಿದ್ದರೆ ಅವನ ಆತ್ಮಕ್ಕೆ ನೆಲೆಯಿಲ್ಲ ಎಂದು ನಂಬಿದವರ ಸಂಕಟ ಸುಳ್ಳಲ್ಲ. ಆದರೆ ಕೋರ್ಟಿನಲ್ಲಿ ತಿಂಗಳುಗಟ್ಟಲೆ ನಡೆದ ವಾದ, ಹೆಂಡತಿ ಎಂಬವಳು ಗಂಡನ ಕುಟುಂಬಕ್ಕೆ ಸೇರುತ್ತಾಳೋ ಇಲ್ಲವೋ ಎಂಬಲ್ಲಿಗೆ ಬಂದು ನಿಂತಿತು. ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಒಡೆರಾ ಒರುಕಾ ಲುವೊ ಸಂಪ್ರದಾಯದ ಬಗ್ಗೆ ಸಾಕ್ಷಿ ಹೇಳಿದರು, ಹಳ್ಳಿಯ ಗೋರಿ ತೋಡುವವನೂ ಹೇಳಿದ. ಕೋರ್ಟಿನ ಹೊರಗೆ ಜನಜಾತ್ರೆ. ಪತ್ರಿಕೆಗಳು ಸಾಕ್ಷ್ಯವನ್ನು ಸಾಲುಸಾಲಾಗಿ ಅಚ್ಚು ಹಾಕಿದವು. ಅಷ್ಟು ದಿನವೂ ಒಟಿಯೆನೊ ಶವಾಗಾರದಲ್ಲಿದ್ದರು. 1987ರ ಮೇ 15ರಂದು ಮೇಲ್ಮನವಿ ನ್ಯಾಯಾಲಯ ಕುಲದ ಪರವಾಗಿ ತೀರ್ಪು ಕೊಟ್ಟಿತು; 23ರಂದು ನ್ಯಾಲ್ಗುಂಗಾದಲ್ಲಿ ಸಾವಿರಾರು ಜನ ಸೇರಿ ಅವರನ್ನು ಮಣ್ಣು ಮಾಡಿದರು. ವಂಬುಯಿ ಹೋಗಲಿಲ್ಲ.

ಅವರು ಹೋಗದಿದ್ದದ್ದನ್ನು ಹಠ ಎಂದು ಇಂದಿಗೂ ಹೇಳುವವರಿದ್ದಾರೆ. ಒಂದು ಮನೆಯಲ್ಲಿ ಅಷ್ಟು ವರ್ಷ ಬಾಳಿದವಳಿಗೆ, ನೀನು ಇಲ್ಲಿಯವಳಲ್ಲ ಎಂದು ದೇಶದ ಉನ್ನತ ನ್ಯಾಯಾಲಯವೇ ಹೇಳಿದ ಮೇಲೆ ಅವಳು ಯಾವ ಕಾಲಿನಲ್ಲಿ ಹೋಗಬೇಕಿತ್ತು? ಮುಂದೆ 2003ರಲ್ಲಿ, ಅರವತ್ತು ದಾಟಿದ ವಂಬುಯಿ, ಇಪ್ಪತ್ತೈದರ ಕಲ್ಲುಕುಟಿಗ ಯುವಕನೊಬ್ಬನನ್ನು ಮದುವೆಯಾದಾಗ ಊರಿಗೆ ಊರೇ ಮೌಲ್ಯದ ಮಾತಾಡಿತು. ಎಪ್ಪತ್ತರ ಮುದುಕ ಇಪ್ಪತ್ತರ ಹುಡುಗಿಯನ್ನು ಮೂರನೆಯವಳಾಗಿ ತಂದಾಗ ಇಲ್ಲಿ ಯಾರೂ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. 2014ರಲ್ಲಿ ಹೊಸ ವಿವಾಹ ಕಾಯಿದೆ ಸಂಸತ್ತಿಗೆ ಬಂದಾಗ, ಗಂಡ ಇನ್ನೊಬ್ಬಳನ್ನು ತರುವ ಮೊದಲು ಇರುವ ಹೆಂಡತಿಯನ್ನು ಕೇಳಬೇಕು ಎಂಬ ಮಾತನ್ನು ಗಂಡಸು ಸದಸ್ಯರು ಪಕ್ಷಭೇದ ಮರೆತು ಕಿತ್ತುಹಾಕಿದರು. ಮಹಿಳಾ ಸದಸ್ಯರು ಎದ್ದು ಹೊರನಡೆದರು. ಇನ್ನೂ ಹಿಂದೆ, 1969ರಲ್ಲಿ, ಮದುವೆಯಾಗದೆ ಹುಟ್ಟಿದ ಮಗುವಿಗೆ ತಂದೆ ಖರ್ಚು ಕೊಡಬೇಕೆಂದಿದ್ದ ಕಾಯಿದೆಯನ್ನೇ ಸಂಸತ್ತು ರದ್ದು ಮಾಡಿತ್ತು. ಅದು ಪರಕೀಯ, ನಮ್ಮ ಸಂಪ್ರದಾಯಕ್ಕೆ ಹೊಂದದ್ದು ಎಂಬ ವಾದ. ಆಗ ಆ ಸಂಸತ್ತಿನಲ್ಲಿ ಚುನಾಯಿತಳಾಗಿ ಬಂದ ಹೆಂಗಸು ಒಬ್ಬಳೂ ಇರಲಿಲ್ಲ. ಮದುವೆಯಾಗಿರಲಿ ಬಿಡಲಿ, ಮಗುವಿನ ಹೊಣೆ ತಂದೆತಾಯಿ ಇಬ್ಬರಿಗೂ ಸಮ ಎಂದು 2010ರ ಸಂವಿಧಾನದ 53ನೇ ವಿಧಿ ಹೇಳುವವರೆಗೆ ನಾಲ್ಕು ದಶಕ ಹಿಡಿಯಿತು. ಕುಟುಂಬ ಮೌಲ್ಯದ ವೇದಿಕೆಗಳಲ್ಲಿ ಸಂವಿಧಾನದ 45ನೇ ವಿಧಿ, ಅಂದರೆ ಗಂಡು ಹೆಣ್ಣಿನ ಮದುವೆಯ ವಿಧಿ, ಪದೇ ಪದೇ ಕೇಳಿಬರುತ್ತದೆ. 53ನೆಯದು ಕೇಳಿಬಂದರೆ ನನಗೂ ಹೇಳಿಕಳಿಸಿ.

ಅಮೆರಿಕದಲ್ಲಿ ಕುಟುಂಬ ಮೌಲ್ಯ ಎಂಬ ಈ ಮಾತು ಚುನಾವಣೆಯ ಕಣಕ್ಕೆ ಭರ್ಜರಿಯಾಗಿ ಇಳಿದದ್ದು 1992ರಲ್ಲಿ. ಆ ವರ್ಷದ ಮೇ 19ರಂದು ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾತಾಡುತ್ತ, ಮದುವೆಯಿಲ್ಲದೆ ಮಗು ಹೆತ್ತ ಮರ್ಫಿ ಬ್ರೌನ್ ಎಂಬ ಟಿವಿ ಧಾರಾವಾಹಿಯ ಪಾತ್ರವೊಂದನ್ನು ದೂರಿದರು. ತಂದೆಯಿಲ್ಲದ ಮನೆ, ಕುಸಿಯುವ ಮೌಲ್ಯ ಎಂಬ ಚರ್ಚೆ ತಿಂಗಳುಗಟ್ಟಲೆ ನಡೆಯಿತು. ಸರಿಯಾಗಿ ಅದೇ ದಿನಗಳಲ್ಲಿ ನೈರೋಬಿಯ ಆಲ್ ಸೇಂಟ್ಸ್ ಕತೀಡ್ರಲ್‌ನಲ್ಲಿ ಹಳ್ಳಿಯ ಮುದುಕಿಯರ ಗುಂಪೊಂದು ಠಿಕಾಣಿ ಹೂಡಿತ್ತು. ಅಂದಿನ ಅಧ್ಯಕ್ಷ ಮೋಯ್ ಅವರ ಸರ್ಕಾರ ಜೈಲಿಗೆ ಹಾಕಿದ್ದ ರಾಜಕೀಯ ಕೈದಿಗಳ ತಾಯಂದಿರು ಅವರು. ಫೆಬ್ರವರಿ 28ರಂದು ಉಹುರು ಪಾರ್ಕಿನ ಮೂಲೆಯಲ್ಲಿ ಉಪವಾಸ ಕುಳಿತರು. ಜೊತೆಗೆ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್. ಈ ವಂಗಾರಿ ಅದಕ್ಕೆ ಮೂರು ವರ್ಷ ಹಿಂದೆ ಅದೇ ಪಾರ್ಕಿನಲ್ಲಿ 60 ಅಂತಸ್ತಿನ ಕಟ್ಟಡ ಏಳುವುದನ್ನು ತಡೆದಾಗ, ಹೆಂಗಸು ಗಂಡಸರಿಗೆ ಗೌರವ ಕೊಟ್ಟು ಸುಮ್ಮನಿರುವುದು ನಮ್ಮ ಸಂಪ್ರದಾಯ ಎಂದು ಅಧ್ಯಕ್ಷರು ಅವರಿಗೆ ಬುದ್ಧಿ ಹೇಳಿದ್ದರು. 1979ರಲ್ಲಿ ವಿಚ್ಛೇದನವಾದಾಗ ಗಂಡನ ಹೆಸರು ಬಿಡಬೇಕೆಂದಿದ್ದಕ್ಕೆ ಆ ಹೆಸರಿಗೆ ಇನ್ನೊಂದು ‘ಎ’ ಸೇರಿಸಿ ತನ್ನದಾಗಿಸಿಕೊಂಡವರು. ಸುಮ್ಮನಿರುವ ಪೈಕಿಯಲ್ಲ.

ಮಾರ್ಚ್ 3ರಂದು ಪೊಲೀಸರು ಲಾಠಿ, ಅಶ್ರುವಾಯು ಹಿಡಿದು ಬಂದರು. ವಂಗಾರಿ ಪ್ರಜ್ಞೆ ತಪ್ಪಿ ಬಿದ್ದರು. ಆಗ ಮುದುಕಿಯರಲ್ಲಿ ಕೆಲವರು ತಮ್ಮ ಬಟ್ಟೆ ಕಳಚಿ ಎದೆ ತೋರಿಸಿ ನಿಂತರು. ತಾಯಿಯ ವಯಸ್ಸಿನವಳು ಮಗನ ವಯಸ್ಸಿನವನ ಎದುರು ಹಾಗೆ ನಿಂತರೆ ಅದಕ್ಕಿಂತ ಭಯಂಕರ ಶಾಪ ಇಲ್ಲಿಲ್ಲ. ಪೊಲೀಸ್ ಹುಡುಗರು ಮುಖ ತಿರುಗಿಸಿದರು. ಚದುರಿಸಲ್ಪಟ್ಟ ತಾಯಂದಿರು ಎದುರಿನ ಕತೀಡ್ರಲ್ ಸೇರಿ ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಉಳಿದರು. 1993ರ ಹೊತ್ತಿಗೆ ಬಹುತೇಕ ಎಲ್ಲರ ಮಕ್ಕಳೂ ಹೊರಬಂದರು. ಉಹುರು ಪಾರ್ಕಿನ ಆ ಜಾಗಕ್ಕೆ ಈಗಲೂ ಫ್ರೀಡಂ ಕಾರ್ನರ್ ಎಂದೇ ಹೆಸರು. ಊರಿನಿಂದ ಬಂದ ನೆಂಟರಿಗೆ ನಾನು ಜಿರಾಫೆ ತೋರಿಸುವ ಮೊದಲು ಅದನ್ನು ತೋರಿಸುತ್ತೇನೆ. ಕುಟುಂಬದ ಮೌಲ್ಯ ರಾಜಕೀಯಕ್ಕೆ ಇಳಿದದ್ದನ್ನು ನೋಡಬೇಕಾದರೆ ಅಲ್ಲಿ ನಿಂತು ನೋಡಬೇಕು. ಮಗನಿಗಾಗಿ ಪ್ರಭುತ್ವದ ಎದುರು ನಿಂತ ಆ ತಾಯಂದಿರಲ್ಲಿ ವಿಧವೆಯರಿದ್ದಿರಬೇಕು, ಎರಡನೆಯ ಹೆಂಡತಿಯರಿದ್ದಿರಬೇಕು, ಗಂಡ ಎಲ್ಲಿದ್ದಾನೆಂದು ಗೊತ್ತಿಲ್ಲದವರೂ ಇದ್ದಿರಬೇಕು. ಯಾರೂ ಅವರ ಮದುವೆಯ ದಾಖಲೆ ಕೇಳಲಿಲ್ಲ.

ನಮ್ಮ ಮನೆಗೆಲಸಕ್ಕೆ ಬರುವಾಕೆಯನ್ನೂ ನಾವು ಅವಳ ಹಿರಿಮಗಳ ಹೆಸರಿನಿಂದಲೇ ಕರೆಯುತ್ತೇವೆ. ಆ ಮಗಳನ್ನು ನಾನು ಕಂಡಿಲ್ಲ. ಅವಳು ಪಶ್ಚಿಮದ ಕಾಕಮೆಗಾ ಕಡೆಯ ಹಳ್ಳಿಯಲ್ಲಿ ಅಜ್ಜಿಯ ಜೊತೆ ಇದ್ದಾಳೆ. ಅಮ್ಮನನ್ನು ಕಾಣುವುದು ಕ್ರಿಸ್‌ಮಸ್ಸಿಗೆ. ಪ್ರತಿ ತಿಂಗಳ ಕೊನೆಗೆ ಅಮ್ಮ ಎಂ-ಪೆಸಾದಲ್ಲಿ ದುಡ್ಡು ಕಳಿಸುತ್ತಾಳೆ. ಉಳಿದದ್ದರಲ್ಲಿ ‘ಚಾಮಾ’ಕ್ಕೆ, ಅಂದರೆ ಹೆಂಗಸರ ಚೀಟಿಗೆ, ಒಂದಿಷ್ಟು; ಯಾರದೋ ಮನೆಯ ಸಾವಿಗೆ ‘ಹರಾಂಬೆ’ಗೆ, ಅಂದರೆ ಎಲ್ಲರೂ ಸೇರಿ ಎತ್ತುವ ವಂತಿಗೆಗೆ, ಒಂದಿಷ್ಟು. ಪಾರ್ಕ್‌ಲ್ಯಾಂಡ್ಸಿನ ನಮ್ಮಂಥ ಎಷ್ಟೋ ಮನೆಗಳು ಸಂಜೆ ಒಟ್ಟಿಗೆ ಕೂತು ಉಣ್ಣುವ ಕುಟುಂಬಗಳಾಗಿ ಉಳಿದಿರುವುದು ಇಂಥ ತಾಯಂದಿರು ತಮ್ಮ ಮಕ್ಕಳನ್ನು ಬಿಟ್ಟುಬಂದದ್ದರಿಂದ. 2007ರ ಉದ್ಯೋಗ ಕಾಯಿದೆಯಲ್ಲಿ ಹೆರಿಗೆಗೆ ಮೂರು ತಿಂಗಳು ಸಂಬಳದ ರಜೆ ಇದೆ, ಅಪ್ಪನಿಗೂ ಎರಡು ವಾರ. ಮನೆಗೆಲಸದವರಿಗೆ ಅದನ್ನು ಕೊಡುವ ಮನೆಗಳು ವಿರಳ. ಬಸುರಿ ಎಂದು ಗೊತ್ತಾದ ದಿನವೇ ಗಂಟುಮೂಟೆ ಕಟ್ಟಿಸುವ ಮನೆಗಳು ಬಹಳ, ನಮ್ಮ ಭಾರತೀಯರವೂ ಅದರಲ್ಲಿವೆ. ಇದು ನನಗೆ ನಾಚಿಕೆಯ ವಿಷಯ. ಸಮ್ಮೇಳನ ಕರೆಯುವವರು ಮುಂದಿನ ಸಲ ಇದನ್ನು ಎತ್ತಿಕೊಳ್ಳಲಿ, ಬಾಡಿಗೆ ಕುರ್ಚಿ ನಾನೇ ಹೊತ್ತು ತರುತ್ತೇನೆ.

ನಮ್ಮ ಕನ್ನಡದವರ ಕೂಟದಲ್ಲೂ ಮೌಲ್ಯದ ಮಾತು ಆಗಾಗ ಬರುತ್ತದೆ. ಬರುವುದು ಸಾಮಾನ್ಯವಾಗಿ ಯಾರದಾದರೂ ಮಗಳು ಇಲ್ಲಿನ ಹುಡುಗನನ್ನು ಮೆಚ್ಚಿದಾಗ. ಮಗ ಬಿಳಿಯ ಹುಡುಗಿಯನ್ನು ತಂದರೆ ಅಷ್ಟು ಬರುವುದಿಲ್ಲ. ಉಡುಪಿಯ ಕಡೆಯ ಕುಟುಂಬವೊಂದರ ಮಗಳು ಕಿಸುಮುವಿನ ಲುವೊ ಹುಡುಗನನ್ನು ಮದುವೆಯಾಗುತ್ತೇನೆಂದಾಗ, ಯುಗಾದಿಯ ದಿನ ಅವಳ ಸೋದರಮಾವ ಮೈಕು ಹಿಡಿದು ನಮ್ಮ ಸಂಸ್ಕೃತಿ, ನಮ್ಮ ಕುಟುಂಬ ಪದ್ಧತಿ ಎಂದು ಅರ್ಧ ಗಂಟೆ ಮಾತಾಡಿದರು. ಹುಡುಗಿ ಎದುರಿಗೇ ಕೂತಿದ್ದಳು. ಅವಳ ಅಮ್ಮ ಒಂದು ಮಾತೂ ಆಡಲಿಲ್ಲ. ಭಾಷಣ ಮುಗಿದ ಮೇಲೆ ಮಗಳ ಎಲೆಗೆ ಹೋಳಿಗೆ ಬಡಿಸಿ, ತಾನೂ ಅವಳ ಪಕ್ಕವೇ ಕೂತು ಉಂಡಳು.

ಕೆಲವು ತಿಂಗಳ ಮೇಲೆ ಹುಡುಗನ ಕಡೆಯವರು ಬಂದರು. ಲುವೊಗಳಲ್ಲಿ ‘ಆಯಿಯೆ’ ಎಂಬ ಮೊದಲ ಶಾಸ್ತ್ರವಿದೆ. ಒಪ್ಪಿಗೆ ಕೇಳಿಕೊಂಡು ಹುಡುಗಿಯ ತಾಯಿಗೆ ಕಾಣಿಕೆ ಕೊಡುವುದು. ಹುಡುಗನ ಚಿಕ್ಕಪ್ಪ ಎದ್ದುನಿಂತು, ಈ ಮನೆಯ ಪರವಾಗಿ ಯಾರು ಮಾತಾಡುತ್ತಾರೆ ಎಂದು ಮರ್ಯಾದೆಯಿಂದ ಕೇಳಿದರು. ಎಲ್ಲರೂ ಸೋದರಮಾವನ ಕಡೆ ನೋಡಿದರು; ಅವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹುಡುಗಿಯ ಅಮ್ಮ ಸೆರಗು ಸರಿಮಾಡಿಕೊಂಡು ‘ನಾನು’ ಎಂದಳು. ತಪ್ಪುತಪ್ಪು ಸ್ವಾಹಿಲಿಯಲ್ಲಿ, ನಡುನಡುವೆ ಕನ್ನಡದಲ್ಲಿ, ಅವಳು ಕೇಳಿದ್ದು ಒಂದೇ: ನಾಳೆ ಇವಳಿಗೆ ಕಷ್ಟ ಬಂದರೆ ನಿಮ್ಮ ಮನೆಯಲ್ಲಿ ಇವಳ ಪರ ಯಾರು ನಿಲ್ಲುತ್ತಾರೆ? ಹುಡುಗನ ಅಜ್ಜಿ ಕೈ ಎತ್ತಿದಳು. ಆಮೇಲೆ ಮಾತು ಸರಾಗವಾಯಿತು. ಶೆರಿಯಾ ಹೌಸ್‌ನಲ್ಲಿ 21 ದಿನದ ನೋಟೀಸು ಕೊಟ್ಟು ನೋಂದಣಿ, ಆಮೇಲೆ ಕಿಸುಮುವಿನಲ್ಲೊಂದು ಊಟ, ಇಲ್ಲೊಂದು ಊಟ ಎಂದಾಯಿತು. ಹುಡುಗಿಯನ್ನು ಮಂಟಪಕ್ಕೆ ಕರೆತರುವುದು ಸೋದರಮಾವನ ಹಕ್ಕು ಎಂದು ಅಮ್ಮನೇ ನೆನಪಿಸಿದಾಗ ಅವರ ಮುಖ ಸಡಿಲವಾಯಿತು. ಹುಡುಗನ ಕಡೆಯವರು ತಮ್ಮಲ್ಲೂ ತಾಯಿಯ ಅಣ್ಣತಮ್ಮಂದಿರಿಗೆ ಅಂಥದೇ ಮಾನ ಎಂದು ತಲೆಯಾಡಿಸಿದರು. ಜಗಳ ಹತ್ತಿದ್ದು ಮೀನಿನ ವಿಷಯಕ್ಕೆ. ವಿಕ್ಟೋರಿಯಾ ಸರೋವರದ ತಿಲಾಪಿಯಾವನ್ನು ಇಡಿಯಾಗಿ ಕರಿದು ಮೆಕ್ಕೆಜೋಳದ ಮುದ್ದೆ ಉಗಾಲಿಯ ಜೊತೆ ಬಡಿಸದೆ ಮದುವೆಯೂಟವಿಲ್ಲ ಎಂದು ಅವರು, ತೆಂಗಿನಕಾಯಿ ಅರೆದು ಬ್ಯಾಡಗಿ ಮೆಣಸು ಹಾಕದ ಮೀನನ್ನು ನೆಂಟರಿಗೆ ಹೇಗೆ ಕೊಡುವುದೆಂದು ಇವರು. ಸಂಜೆ ಆರಾದರೂ ಅದು ತೀರ್ಮಾನವಾಗಿರಲಿಲ್ಲ.